ಗಂಟಿಗೆ ಅವಸರವಿಲ್ಲ, ಕೂಟಕ್ಕೆ ದಿನಾಂಕವಿದೆ

ಮಣಿಕಟ್ಟಿನ ಹಿಂಬದಿಯಲ್ಲಿ ಒಂದೆರಡು ಸೆಂಟಿಮೀಟರ್ ಅಗಲದ ದುಂಡನೆಯ ಗಂಟು. ಕೈಯನ್ನು ಕೆಳಕ್ಕೆ ಬಾಗಿಸಿದರೆ ಎದ್ದು ಕಾಣುತ್ತದೆ, ನೇರ ಮಾಡಿದರೆ ಅರ್ಧ ಅಡಗುತ್ತದೆ. ವೈದ್ಯರು ಇದನ್ನು ಗ್ಯಾಂಗ್ಲಿಯಾನ್ ಎನ್ನುತ್ತಾರೆ. ಕೈಯಲ್ಲಿ, ಮಣಿಕಟ್ಟಿನಲ್ಲಿ ಕಾಣಿಸುವ ಗಂಟುಗಳಲ್ಲೆಲ್ಲ ಹೆಚ್ಚಿನ ಪಾಲು ಇದರದ್ದೇ. 20ರಿಂದ 40 ವರ್ಷದವರಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಬಂದವರೆಲ್ಲರ ಮೊದಲ ಪ್ರಶ್ನೆ ಒಂದೇ: ಇದು ಕ್ಯಾನ್ಸರಾ? ಅಲ್ಲ. ಮುಂದೆ ಕ್ಯಾನ್ಸರ್ ಆಗುವಂಥದ್ದೂ ಅಲ್ಲ. ಆದರೆ ಸ್ಪರ್ಧೆಗಾಗಿ ಈಜುವ ಮಕ್ಕಳಿಗೆ ಇದು ಬಂದಾಗ ಇನ್ನೊಂದು ಪ್ರಶ್ನೆ ಏಳುತ್ತದೆ: ಮುಂದಿನ ಕೂಟದ ಗತಿ ಏನು? ಇದಕ್ಕೆ ಉತ್ತರ ಅರ್ಧ ವೈದ್ಯರ ಬಳಿ ಇದೆ, ಇನ್ನರ್ಧ ಕೋಚ್ ಕೈಯಲ್ಲಿರುವ ವೇಳಾಪಟ್ಟಿಯಲ್ಲಿದೆ. ಈ ಇಬ್ಬರೂ ಪರಸ್ಪರ ಮಾತಾಡುವುದೇ ಅಪರೂಪ. ಹಾಗಾಗಿ ಆ ಎರಡು ಅರ್ಧಗಳನ್ನು ಕೂಡಿಸುವ ಕೆಲಸ ಅಪ್ಪ ಅಮ್ಮಂದಿರ ಮೇಲೆ ಬೀಳುತ್ತದೆ. ಈ ಬರಹ ಅವರಿಗಾಗಿ.

ಬೆಂಗಳೂರಿನಲ್ಲಿ ಇಂಥ ಅಪ್ಪ ಅಮ್ಮಂದಿರು ಕಡಿಮೆಯೇನಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಇಬ್ಬರು ಈಜುಗಾರರೂ, ಶ್ರೀಹರಿ ನಟರಾಜ್ ಮತ್ತು ಆಗ 14 ವರ್ಷದವಳಾಗಿದ್ದ ಧಿನಿಧಿ ದೇಸಿಂಘು, ಈ ಊರಿನವರೇ. ಅವರನ್ನು ನೋಡಿ ನೀರಿಗಿಳಿದ ಮಕ್ಕಳು ಶಾಲೆಗೆ ಮುಂಚೆ ಒಂದು ಸಲ, ಶಾಲೆ ಬಿಟ್ಟ ಮೇಲೆ ಇನ್ನೊಂದು ಸಲ ಅಭ್ಯಾಸ ಮಾಡುತ್ತಾರೆ. ನನ್ನ ಅಣ್ಣನ ಮಗಳೂ ಅವರಲ್ಲೊಬ್ಬಳು, ಬ್ರೆಸ್ಟ್‌ಸ್ಟ್ರೋಕ್ ಅವಳದ್ದು. ಕಳೆದ ವರ್ಷ ಅವಳ ಬಲಗೈ ಮಣಿಕಟ್ಟಿನಲ್ಲಿ ಗಂಟು ಕಂಡಾಗ ಮನೆಯಲ್ಲಿ ಎಲ್ಲರೂ ವೈದ್ಯರಾದರು. ಅಜ್ಜಿ ಹರಳೆಣ್ಣೆ ಕಾಸಿದರು. ಪಕ್ಕದ ಮನೆಯವರು ಗಂಟಿನ ಮೇಲೆ ನಾಣ್ಯವಿಟ್ಟು ಬಿಗಿಯಾಗಿ ಬಟ್ಟೆ ಕಟ್ಟಿ ಎಂದರು. ಅಭ್ಯಾಸದ ಗೆಳತಿಯೊಬ್ಬಳು ದಪ್ಪ ಪುಸ್ತಕದಿಂದ ಒಂದೇಟು ಕೊಟ್ಟರೆ ಒಡೆದುಹೋಗುತ್ತದಂತೆ ಎಂದು ಎಲ್ಲೋ ಕೇಳಿ ಬಂದಳು.

ಪುಸ್ತಕದ ಏಟಿನ ಚಿಕಿತ್ಸೆ ಹಳೆಯದು. ಪಶ್ಚಿಮದ ದೇಶಗಳಲ್ಲಿ ಮನೆಯ ದಪ್ಪ ಬೈಬಲ್ಲಿನಿಂದ ಬಡಿದು ಗಂಟು ಒಡೆಯುತ್ತಿದ್ದರು. ಒಡೆಯುವುದೇನೋ ನಿಜ, ಒಳಗಿನ ದ್ರವ ಸುತ್ತಲಿನ ಅಂಗಾಂಶಕ್ಕೆ ಹರಡಿ ಗಂಟು ಮಾಯವಾದಂತೆ ಕಾಣುತ್ತದೆ. ಬೇರು ಒಳಗೇ ಉಳಿದಿರುವುದರಿಂದ ಮತ್ತೆ ತುಂಬಿಕೊಳ್ಳುತ್ತದೆ. ಅಷ್ಟರಲ್ಲಿ ಏಟು ಬಿದ್ದ ಜಾಗದ ಸ್ನಾಯುರಜ್ಜಿಗೋ ಮೂಳೆಗೋ ಪೆಟ್ಟಾಗಿರುತ್ತದೆ. ಕೈಯೇ ಬಂಡವಾಳವಾದ ಈಜುಗಾರರ ಮೇಲೆ ದಯವಿಟ್ಟು ಯಾರೂ ಈ ಪ್ರಯೋಗ ಮಾಡಬಾರದು. ಬಿಗಿಯಾಗಿ ನಾಣ್ಯ ಕಟ್ಟುವುದೂ ಬೇಡ. ಹರಳೆಣ್ಣೆ ಹಚ್ಚಿದರೆ ಹಾನಿಯಿಲ್ಲ, ಗಂಟಿಗೆ ಲಾಭವೂ ಇಲ್ಲ. ಅಜ್ಜಿಯ ಕೈಯಿಂದ ಹಚ್ಚಿಸಿಕೊಳ್ಳುವ ನೆಮ್ಮದಿ ಬೇರೆ ವಿಷಯ.

ಬೇರು ಎಂದೆನಲ್ಲ, ಅದನ್ನು ತಿಳಿದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಅವುಗಳಲ್ಲಿ ಸ್ಕೇಫಾಯ್ಡ್ ಮತ್ತು ಲೂನೇಟ್ ಎಂಬ ಎರಡನ್ನು ಒಂದು ಗಟ್ಟಿ ಕಟ್ಟು ಹಿಡಿದಿಟ್ಟಿದೆ. ಮಣಿಕಟ್ಟಿನ ಹಿಂಬದಿಯ ಗ್ಯಾಂಗ್ಲಿಯಾನ್ ಹೆಚ್ಚಾಗಿ ಹುಟ್ಟುವುದು ಆ ಕಟ್ಟಿನ ಬಳಿ. ಕೀಲಿನ ಹೊದಿಕೆಯ ಒಂದು ಕಡೆ ಸಡಿಲವಾಗಿ, ಕೀಲಿನ ದ್ರವ ಸಣ್ಣ ಕೊಳವೆಯಂಥ ದಾರಿಯಲ್ಲಿ ಹೊರಬಂದು ಚೀಲ ಕಟ್ಟಿಕೊಳ್ಳುತ್ತದೆ. ಆ ದಾರಿಯಲ್ಲಿ ದ್ರವ ಹೊರಕ್ಕೆ ಸುಲಭವಾಗಿ ಬರುತ್ತದೆ, ಒಳಕ್ಕೆ ಸುಲಭವಾಗಿ ಮರಳುವುದಿಲ್ಲ. ಚೀಲದೊಳಗೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಹೆಚ್ಚು ಕೆಲಸ ಮಾಡಿದ ವಾರ ಗಂಟು ದೊಡ್ಡದಾಗಿ, ವಿಶ್ರಾಂತಿಯ ವಾರ ಚಿಕ್ಕದಾಗುವುದನ್ನು ಮಕ್ಕಳೇ ಗಮನಿಸಿರುತ್ತಾರೆ. ಈಜಿನಿಂದಲೇ ಇದು ಬಂತು ಎಂದು ಖಚಿತವಾಗಿ ಹೇಳಲು ಬರುವುದಿಲ್ಲ. ಕೀಲಿನ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡ ಒಂದು ಕಾರಣ ಇರಬಹುದು, ಏನೂ ಆಟವಾಡದವರಲ್ಲೂ ಇದು ಬರುತ್ತದೆ. ಹಾಗಾಗಿ ಮಗುವನ್ನು ಈಜಿಗೆ ಕಳಿಸಿದ್ದೇ ತಪ್ಪಾಯಿತು ಎಂದು ಯಾರೂ ಕೊರಗಬೇಕಿಲ್ಲ.

ಪರೀಕ್ಷೆ ಸರಳ. ಕತ್ತಲ ಕೋಣೆಯಲ್ಲಿ ಗಂಟಿನ ಒಂದು ಪಕ್ಕಕ್ಕೆ ಟಾರ್ಚ್ ಹಿಡಿದರೆ ಬೆಳಕು ಅದರೊಳಗೆ ಹಾದು ಗಂಟು ಕೆಂಪಗೆ ಹೊಳೆಯುತ್ತದೆ, ಗಟ್ಟಿ ಗೆಡ್ಡೆಯಾದರೆ ಹೊಳೆಯುವುದಿಲ್ಲ. ಇದು ವೈದ್ಯರೇ ಮಾಡಿ ತೀರ್ಮಾನಿಸಬೇಕಾದ ಪರೀಕ್ಷೆ, ಮನೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ನಿರಾಳವಾಗುವಂಥದ್ದಲ್ಲ. ಅನುಮಾನವಿದ್ದರೆ ಅಲ್ಟ್ರಾಸೌಂಡ್, ಮೂಳೆಯ ತೊಂದರೆ ಇದೆಯೇ ಎಂದು ನೋಡಲು ಎಕ್ಸ್-ರೇ. ಕೆಲವರಲ್ಲಿ ಹೊರಗೆ ಗಂಟೇ ಕಾಣದೆ ಮಣಿಕಟ್ಟು ಹಿಂದಕ್ಕೆ ಬಾಗಿಸಿದಾಗ ಮಾತ್ರ ನೋವಿರುತ್ತದೆ. ಅಂಥ ಒಳಗಂಟನ್ನು ಹುಡುಕಲು ಎಂಆರ್‌ಐ ಬೇಕಾಗಬಹುದು. ಬೇಗ ಬೇಗ ಬೆಳೆಯುವ, ಕೆಂಪಾಗಿ ಬಿಸಿಯಾಗುವ, ರಾತ್ರಿ ನಿದ್ದೆ ಕೆಡಿಸುವ ಗಂಟಾದರೆ, ಬೆರಳುಗಳಲ್ಲಿ ಜೋಮು ಅಥವಾ ಬಲಹೀನತೆ ಕಂಡರೆ, ಕಾಯದೆ ವೈದ್ಯರ ಬಳಿ ಹೋಗಬೇಕು.

ಈಗ ನೀರಿಗಿಳಿಯೋಣ. ಈಜುಗಾರರ ಮಣಿಕಟ್ಟು ನಿಜವಾಗಿ ಯಾವಾಗ ನೋಯುತ್ತದೆ ಎಂದು ಕೇಳಿದರೆ ಹೆಚ್ಚಿನವರು ನೀರನ್ನು ಎಳೆಯುವಾಗ ಎಂದುಕೊಳ್ಳುತ್ತಾರೆ. ಒಳ್ಳೆಯ ಫ್ರೀಸ್ಟೈಲ್‌ನಲ್ಲಿ ಅಂಗೈ ಮತ್ತು ಮುಂಗೈ ಹೆಚ್ಚುಕಡಿಮೆ ಒಂದೇ ರೇಖೆಯಲ್ಲಿರುತ್ತವೆ, ಮಣಿಕಟ್ಟು ಅಷ್ಟಾಗಿ ಬಾಗುವುದಿಲ್ಲ. ಹಿಂಬದಿಯ ಗ್ಯಾಂಗ್ಲಿಯಾನ್‌ಗೆ ತೊಂದರೆ ಕೊಡುವುದು ಕೈ ಹಿಂದಕ್ಕೆ ಬಾಗಿ, ಅದರ ಮೇಲೆ ಭಾರ ಬೀಳುವ ಗಳಿಗೆ. ಅಭ್ಯಾಸ ಮುಗಿದ ಮೇಲೆ ಮಕ್ಕಳು ಏಣಿ ಹತ್ತುವುದಿಲ್ಲ. ಎರಡೂ ಅಂಗೈಯನ್ನು ದಡಕ್ಕೆ ಊರಿ ಒಂದೇ ಜಿಗಿತಕ್ಕೆ ಮೇಲೆ ಬರುತ್ತಾರೆ. ಆಗ ಮಣಿಕಟ್ಟು ಲಂಬಕೋನಕ್ಕೆ ಬಾಗಿ ಇಡೀ ಮೈಭಾರ ಹೊರುತ್ತದೆ. ನನ್ನ ಸೊಸೆಗೆ ಮೊದಲ ನೋವು ಕಂಡದ್ದೂ ಅಲ್ಲೇ, ನೀರಿನಲ್ಲಲ್ಲ. ಆಮೇಲೆ ದಡದ ಕಸರತ್ತು: ಪುಷ್-ಅಪ್, ಪ್ಲಾಂಕ್, ಭಾರವನ್ನು ಹೆಗಲ ಮುಂದೆ ಹಿಡಿಯುವ ವ್ಯಾಯಾಮಗಳು.

ನೀರಿನೊಳಗೆ ಸ್ಟ್ರೋಕ್‌ಗೆ ತಕ್ಕಂತೆ ಲೆಕ್ಕ ಬದಲಾಗುತ್ತದೆ. ಫ್ರೀಸ್ಟೈಲ್ ಮತ್ತು ಬ್ಯಾಕ್‌ಸ್ಟ್ರೋಕ್ ಟರ್ನ್‌ನಲ್ಲಿ ಗೋಡೆಗೆ ತಾಗುವುದು ಪಾದ. ಬ್ರೆಸ್ಟ್‌ಸ್ಟ್ರೋಕ್ ಮತ್ತು ಬಟರ್‌ಫ್ಲೈನಲ್ಲಿ ನಿಯಮದ ಪ್ರಕಾರ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಬೇಕು. 50 ಮೀಟರ್ ಕೊಳದ 200 ಮೀಟರ್ ಸ್ಪರ್ಧೆಯಲ್ಲಿ ಇದು ನಾಲ್ಕೇ ಸಲ. ಆದರೆ ಅಭ್ಯಾಸದಲ್ಲಿ 2,000 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಈಜಿದರೆ 40 ಸಲ, 25 ಮೀಟರ್ ಕೊಳವಾದರೆ 80 ಸಲ, ಪ್ರತಿ ಸಲವೂ ವೇಗದಿಂದ ಬಂದು. ಹಾಗಾಗಿ ಒಂದೇ ಗಾತ್ರದ ಗಂಟು ಫ್ರೀಸ್ಟೈಲ್ ಹುಡುಗನಿಗೆ ಲೆಕ್ಕಕ್ಕೇ ಬರದೆ, ಬಟರ್‌ಫ್ಲೈ ಹುಡುಗಿಯನ್ನು ಅಳಿಸಬಹುದು. ವೈದ್ಯರಿಗೆ ‘ಈಜುತ್ತಾಳೆ’ ಎಂದಷ್ಟೇ ಹೇಳಿದರೆ ಸಾಲದು, ಯಾವ ಸ್ಟ್ರೋಕ್ ಎಂದು ಹೇಳಬೇಕು. ಇನ್ನೂ ಎರಡು ಸಣ್ಣ ಕಿರುಕುಳಗಳಿವೆ. ಕೈಗೆ ಹಾಕುವ ಪ್ಯಾಡಲ್‌ನ ರಬ್ಬರ್ ಪಟ್ಟಿ ಕೆಲವು ಮಾದರಿಗಳಲ್ಲಿ ಸರಿಯಾಗಿ ಗಂಟಿನ ಮೇಲೇ ಕೂರುತ್ತದೆ. ಗೋಡೆ ಒದ್ದು ಕೈಗಳನ್ನು ಒಂದರ ಮೇಲೊಂದು ಜೋಡಿಸಿ ಚಾಚಿದಾಗ ಕೆಳಗಿನ ಕೈಯ ಹಿಂಬದಿಯನ್ನು ಮೇಲಿನ ಅಂಗೈ ಒತ್ತುತ್ತದೆ. ಗಂಟಿರುವ ಕೈಯನ್ನು ಮೇಲಕ್ಕೆ ತಂದರೆ ಈ ಎರಡನೆಯದು ಅಲ್ಲಿಗೇ ಮುಗಿಯಿತು.

ಚಿಕಿತ್ಸೆಯ ಮೊದಲ ಮೆಟ್ಟಿಲು ಸುಮ್ಮನಿರುವುದು. ಇದನ್ನು ಹೇಳಿದರೆ ಜನರಿಗೆ ಸಮಾಧಾನವಾಗುವುದಿಲ್ಲ, ವೈದ್ಯರು ಏನೂ ಮಾಡಲಿಲ್ಲ ಎನ್ನುತ್ತಾರೆ. ಇಂಗ್ಲೆಂಡಿನ ಲೆಸ್ಟರ್ ನಗರದ ವೈದ್ಯರು ಮಣಿಕಟ್ಟಿನ ಹಿಂಬದಿಯ ಗಂಟಿದ್ದವರನ್ನು ಆರು ವರ್ಷದ ನಂತರ ಮತ್ತೆ ವಿಚಾರಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಏನೂ ಮಾಡಿಸಿಕೊಳ್ಳದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಗಂಟು ತಾನಾಗಿ ಹೋಗಿತ್ತು. ಸೂಜಿಯಿಂದ ತೆಗೆಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಹತ್ತು ಮಂದಿಯಲ್ಲಿ ನಾಲ್ವರ ಲೆಕ್ಕಕ್ಕೆ, ಅಂದರೆ ಶೇ 39ರಷ್ಟು ಜನರಿಗೆ, ಮತ್ತೆ ಬಂದಿತ್ತು. ದೀರ್ಘಕಾಲದಲ್ಲಿ ಚಿಕಿತ್ಸೆ ಪಡೆದವರ ಕೈ ಪಡೆಯದವರ ಕೈಗಿಂತ ಗಣನೀಯವಾಗಿ ಚೆನ್ನಾಗಿದೆ ಎಂದೇನೂ ಕಾಣಲಿಲ್ಲ. ಬೇರೆ ಅಧ್ಯಯನಗಳಲ್ಲಿ ಶಸ್ತ್ರಚಿಕಿತ್ಸೆಯ ನಂತರ ಮರಳುವ ಪ್ರಮಾಣ ಇದಕ್ಕಿಂತ ಕಡಿಮೆ ಇದೆ, ಆದರೂ ಮರಳುವುದೇ ಇಲ್ಲ ಎನ್ನುವಂತಿಲ್ಲ. ಚಿಕ್ಕ ಮಕ್ಕಳಲ್ಲಂತೂ ಹೆಚ್ಚಿನ ಗಂಟುಗಳು ಒಂದೆರಡು ವರ್ಷದೊಳಗೆ ತಾವಾಗಿ ಕರಗುತ್ತವೆ. ನೋವಿಲ್ಲದ ಗಂಟು ಕೇವಲ ಕಣ್ಣಿಗೆ ಕಾಣುತ್ತದೆ ಎಂದು 12 ವರ್ಷದ ಮಗುವಿನ ಕೈ ಕೊಯ್ಯಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಸುಮ್ಮನಿರುವುದೆಂದರೆ ಹಾಗೇ ನೋವು ತಿಂದುಕೊಂಡು ಈಜುವುದಲ್ಲ. ನೋವಿನ ಗಳಿಗೆಗಳನ್ನು ಒಂದೊಂದಾಗಿ ಅಭ್ಯಾಸದಿಂದ ತೆಗೆಯಬೇಕು. ಕೊಳದಿಂದ ಏಣಿ ಹತ್ತಿ ಬರುವುದು. ಪುಷ್-ಅಪ್ ಅನ್ನು ಮುಷ್ಟಿಯ ಮೇಲೆ ಅಥವಾ ಡಂಬೆಲ್‌ಗಳ ಹಿಡಿ ಹಿಡಿದು ಮಾಡುವುದು, ಆಗ ಮಣಿಕಟ್ಟು ನೇರ ಇರುತ್ತದೆ. ಪ್ಲಾಂಕ್‌ಗೆ ಅಂಗೈ ಬದಲು ಮೊಣಕೈ. ಕೆಲವು ವಾರ ಪ್ಯಾಡಲ್ ಇಲ್ಲ. ಕಿಕ್‌ಬೋರ್ಡ್‌ನ ಅಂಚು ಹಿಡಿದರೆ ಕೈ ಬಾಗುತ್ತದೆ, ಆದ್ದರಿಂದ ಬೋರ್ಡ್ ಬಿಟ್ಟು ಸ್ನಾರ್ಕೆಲ್ ಹಾಕಿ, ಕೈಗಳನ್ನು ಪಕ್ಕಕ್ಕಿಟ್ಟು ಕಿಕ್ ಮಾಡುವುದು. ಮುಷ್ಟಿ ಕಟ್ಟಿ ಈಜುವ ಡ್ರಿಲ್ ಎಲ್ಲ ಕೋಚ್‌ಗಳಿಗೂ ಗೊತ್ತು. ಅಂಗೈ ಮೇಲಿನ ಒತ್ತಡ ಕಡಿಮೆಯಾಗಿ ಮುಂಗೈಯಿಂದ ನೀರು ಹಿಡಿಯುವುದನ್ನು ಅದು ಕಲಿಸುತ್ತದೆ. ಗಂಟಿನ ನೆಪದಲ್ಲಿ ಸ್ಟ್ರೋಕ್ ಸುಧಾರಿಸಿಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ. ನೀರಿನಿಂದ ಹೊರಗೆ, ನೋವು ಜಾಸ್ತಿಯಿದ್ದ ದಿನಗಳಲ್ಲಿ, ಮಣಿಕಟ್ಟಿನ ಸ್ಪ್ಲಿಂಟ್ ಸಹಾಯಕ. ಅದನ್ನು ದಿನವಿಡೀ ತಿಂಗಳುಗಟ್ಟಲೆ ಹಾಕಿದರೆ ಕೈಯ ಬಲವೇ ಕುಗ್ಗುತ್ತದೆ.

ಇದಕ್ಕೂ ಬಗ್ಗದಿದ್ದರೆ ಸೂಜಿ. ನನ್ನ ಸೊಸೆಯ ಜೊತೆ ಆ ದಿನ ನಾನೂ ಹೋಗಿದ್ದೆ. ವೈದ್ಯರು ಮೊದಲು ಸಣ್ಣ ಸೂಜಿಯಿಂದ ಮರಗಟ್ಟುವ ಮದ್ದು ಕೊಟ್ಟರು. ಆಮೇಲೆ ಹಿಡಿದದ್ದು ಸಾಕಷ್ಟು ದಪ್ಪದ ಸೂಜಿ, ಏಕೆಂದರೆ ಒಳಗಿರುವುದು ನೀರಲ್ಲ. ಸಿರಿಂಜಿನ ಹಿಡಿಯನ್ನು ಬಲವಾಗಿ ಎಳೆದರೂ ಅದು ಬರಲೊಲ್ಲದು. ವೈದ್ಯರು ಇನ್ನೊಂದು ಕೈಯ ಹೆಬ್ಬೆರಳಿನಿಂದ ಗಂಟನ್ನು ಅದುಮಿದರು. ಆಗ ನಿಧಾನವಾಗಿ, ಲೋಳೆಸರದ ಎಲೆ ಸೀಳಿದಾಗ ಬರುವಂಥ ತಿಳಿಯಾದ ಲೋಳೆ ಸಿರಿಂಜಿನೊಳಗೆ ಏರಿತು. ಒಂದು ಮಿಲಿಲೀಟರ್ ಕೂಡ ಇರಲಿಲ್ಲ. ‘ಅತ್ತೆ, ಇಷ್ಟೇನಾ?’ ಎಂದಳು. ಗಂಟಿದ್ದ ಜಾಗ ಅಲ್ಲೇ ಕಣ್ಣೆದುರು ಸಮತಟ್ಟಾಯಿತು. ಒಂದೆರಡು ದಿನ ನೀರು ತಾಗಿಸಬೇಡ, ತೂತು ಮುಚ್ಚಿದ ಮೇಲೆ ಈಜು ಎಂದು ಕಳಿಸಿದರು. ಈಜುಗಾರರಿಗೆ ಸೂಜಿಯ ದೊಡ್ಡ ಅನುಕೂಲ ಇದೇ: ಕಳೆದುಹೋಗುವುದು ವಾರಗಳಲ್ಲ, ದಿನಗಳು. ಅನನುಕೂಲವೂ ಅಷ್ಟೇ ಸ್ಪಷ್ಟ. ಬೇರು ಅಲ್ಲೇ ಇರುವುದರಿಂದ ಅರ್ಧಕ್ಕಿಂತ ಹೆಚ್ಚು ಗಂಟುಗಳು ಮರಳುತ್ತವೆ. ಅವಳದ್ದೂ ಕೆಲವು ತಿಂಗಳ ನಂತರ ಚಿಕ್ಕದಾಗಿ ಮರಳಿತು, ನೋವು ಮಾತ್ರ ಮರಳಲಿಲ್ಲ. ಮಣಿಕಟ್ಟಿನ ಅಂಗೈ ಕಡೆ, ಹೆಬ್ಬೆರಳಿನ ಬುಡದಲ್ಲಿ ಬರುವ ಗಂಟಿನ ಪಕ್ಕದಲ್ಲೇ ನಾಡಿ ನೋಡುವ ರಕ್ತನಾಳ ಹಾದುಹೋಗುತ್ತದೆ. ಅಲ್ಲಿ ಸೂಜಿ ಹಾಕಲು ಎಷ್ಟೋ ವೈದ್ಯರು ಒಪ್ಪುವುದಿಲ್ಲ, ಹಾಕಿದರೂ ಅಲ್ಟ್ರಾಸೌಂಡ್ ನೋಡಿಕೊಂಡು ಹಾಕುತ್ತಾರೆ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಲೋಳೆ ತೆಗೆದ ಮೇಲೆ ಅದೇ ಸೂಜಿಯಲ್ಲಿ ಸ್ಟಿರಾಯ್ಡ್ ಹಾಕುವ ರೂಢಿ ಹಲವು ಕಡೆ ಇದೆ. ಗಂಟು ಮರಳದಂತೆ ಇದು ತಡೆಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಚರ್ಮ ತೆಳುವಾಗಿ, ಬಣ್ಣ ಹೋಗಿ ಬಿಳಿಯ ಮಚ್ಚೆ ಉಳಿಯುವ ಸಾಧ್ಯತೆ ಇದೆ, ನಮ್ಮ ಮೈಬಣ್ಣಕ್ಕೆ ಅದು ಚೆನ್ನಾಗಿಯೇ ಕಾಣುತ್ತದೆ. ಅದಕ್ಕಿಂತ ಮುಖ್ಯವಾದದ್ದು ಉದ್ದೀಪನ ಮದ್ದಿನ ನಿಯಮ. ಮೊದಲು ಕೀಲಿಗೆ, ಸ್ನಾಯುರಜ್ಜಿನ ಸುತ್ತ ಕೊಡುವ ಸ್ಟಿರಾಯ್ಡ್ ಚುಚ್ಚುಮದ್ದಿಗೆ ಅಡ್ಡಿ ಇರಲಿಲ್ಲ. 2022ರ ಜನವರಿ 1ರಿಂದ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾ ಇದನ್ನು ಬದಲಿಸಿತು. ಗ್ಲುಕೊಕಾರ್ಟಿಕಾಯ್ಡ್ ಗುಂಪಿನ ಸ್ಟಿರಾಯ್ಡ್‌ಗಳನ್ನು ಮೈಯ ಯಾವ ಭಾಗಕ್ಕೆ ಚುಚ್ಚಿದರೂ ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧ. ಸ್ಪರ್ಧೆಯ ಅವಧಿ ಶುರುವಾಗುವುದು ಹಿಂದಿನ ರಾತ್ರಿ 11:59ಕ್ಕೆ. ಮೊದಲೇ ಹಾಕಿಸಿಕೊಂಡ ಮದ್ದು ಮೈಯಿಂದ ಹೊರಹೋಗಲು ಸಮಯ ಬೇಕಲ್ಲ, ಅದಕ್ಕೆ ವಾಡಾ ಕೊಟ್ಟ ಕನಿಷ್ಠ ಅಂತರ ಇಂಥ ಚುಚ್ಚುಮದ್ದುಗಳಲ್ಲಿ ಹೆಚ್ಚಿನವಕ್ಕೆ 3 ದಿನ, ಆದರೆ ಕೀಲಿಗೆ ಸಾಮಾನ್ಯವಾಗಿ ಬಳಸುವ ಟ್ರಯಾಮ್ಸಿನಲೋನ್‌ಗೆ 10 ದಿನ. ನಮ್ಮ ದೇಶದಲ್ಲಿ ಪರೀಕ್ಷೆ ಮಾಡುವುದು ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ನಾಡಾ, ಅದರ ಮುಂದೆ ಸಣ್ಣ ವಯಸ್ಸು ನೆಪವಾಗುವುದಿಲ್ಲ. ಬಡಾವಣೆಯ ಮೂಳೆ ವೈದ್ಯರಿಗೆ ಈ ನಿಯಮ ಗೊತ್ತಿರಲೇಬೇಕು ಎಂದೇನಿಲ್ಲ. ಸೂಜಿ ಹಾಕುವ ಮೊದಲೇ ‘ಡಾಕ್ಟ್ರೇ, ಇವಳು ರಾಷ್ಟ್ರೀಯ ಕೂಟಕ್ಕೆ ಈಜುವವಳು, ಸ್ಟಿರಾಯ್ಡ್ ಬೇಡ’ ಎಂದು ಹೇಳಿಬಿಡಬೇಕು. ಬೇಕೇಬೇಕು ಎಂದು ಅವರು ಹೇಳಿದರೆ ಮದ್ದಿನ ಹೆಸರು, ಪ್ರಮಾಣ, ದಿನಾಂಕ ಬರೆಸಿಕೊಂಡು, ಚಿಕಿತ್ಸೆಯ ವಿನಾಯಿತಿಗೆ ಅರ್ಜಿ ಹಾಕಬೇಕೇ ಎಂದು ವಿಚಾರಿಸಬೇಕು. ಮರಗಟ್ಟಿಸಲು ಕೊಡುವ ಲಿಗ್ನೋಕೇನ್ ಮತ್ತು ನೋವಿಗೆ ನುಂಗುವ ಐಬುಪ್ರೊಫೆನ್ ನಿಷಿದ್ಧವಲ್ಲ.

ಕೊನೆಯದು ಶಸ್ತ್ರಚಿಕಿತ್ಸೆ. ನೋವು ತಿಂಗಳುಗಟ್ಟಲೆ ಬಿಡದೆ, ಸೂಜಿಯ ನಂತರ ಮತ್ತೆ ಬಂದು, ಟರ್ನ್ ಮಾಡಲಾಗದೆ ಸಮಯ ಕುಸಿಯುತ್ತಿದ್ದರೆ, ಅಥವಾ ಗಂಟು ನರವನ್ನು ಒತ್ತುತ್ತಿದ್ದರೆ ಇದು ಸರಿಯಾದ ದಾರಿ. ಚೀಲವನ್ನಷ್ಟೇ ಅಲ್ಲ, ಬೇರನ್ನೂ ಅದು ಹುಟ್ಟಿದ ಕೀಲಿನ ಹೊದಿಕೆಯ ಸ್ವಲ್ಪ ಭಾಗವನ್ನೂ ತೆಗೆಯುತ್ತಾರೆ, ಮೂಳೆಗಳನ್ನು ಹಿಡಿದಿಟ್ಟ ಕಟ್ಟಿಗೆ ಮಾತ್ರ ತಾಗದಂತೆ. ತೆರೆದು ಮಾಡಬಹುದು, ಸಣ್ಣ ತೂತಿನ ಮೂಲಕ ಆರ್ತ್ರೋಸ್ಕೋಪ್ ಹಾಕಿಯೂ ಮಾಡಬಹುದು. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರುತ್ತಾರೆ. ಹೊಲಿಗೆ ತೆಗೆಯುವುದು 10ರಿಂದ 14ನೇ ದಿನ. ಗಾಯ ಪೂರ್ತಿ ಕೂಡುವವರೆಗೆ ಕೊಳಕ್ಕೆ ಇಳಿಯುವಂತಿಲ್ಲ. ಕ್ಲೋರಿನ್ ಇದೆಯಲ್ಲ, ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಕ್ಲೋರಿನ್ ಇದ್ದರೂ ಕೊಳದ ನೀರು ಕ್ರಿಮಿಶುದ್ಧವಲ್ಲ, ಬೇಸಿಗೆ ಶಿಬಿರದ ದಿನಗಳಲ್ಲಂತೂ ಹೇಳುವುದೇ ಬೇಡ. ಪ್ಲಾಸ್ಟಿಕ್ ಸುತ್ತಿಕೊಂಡು ಇಳಿಯುತ್ತೇನೆ ಎನ್ನುವ ಮಕ್ಕಳನ್ನು ತಡೆಯಿರಿ, ಒಳಗೆ ನೀರು ನಿಂತರೆ ಇನ್ನೂ ಕೆಟ್ಟದ್ದು. ನೀರಿಲ್ಲದ ಈ ವಾರಗಳಲ್ಲಿ ನಿಂತ ಸೈಕಲ್, ಕಾಲಿನ ಕಸರತ್ತು, ಕೈ ಊರದ ಹೊಟ್ಟೆಯ ವ್ಯಾಯಾಮಗಳಿಂದ ದಮ್ಮು ಉಳಿಸಿಕೊಳ್ಳಬಹುದು. ಹಿಡಿತದ ಬಲ ಮೊದಲಿನಂತಾಗಲು ಆರರಿಂದ ಎಂಟು ವಾರ ಹಿಡಿಯಬಹುದು. ಹಿಂಬದಿಯ ಗಾಯ ಬಿಗಿದು ಕೈ ಕೆಳಕ್ಕೆ ಪೂರ್ತಿ ಬಾಗದಿರುವುದು ಸಾಮಾನ್ಯ ದೂರು, ಅದಕ್ಕೆ ಫಿಸಿಯೊ ಹೇಳಿದ ಚಾಲನೆಗಳನ್ನು ಬೇಸರಿಸದೆ ಮಾಡಬೇಕು.

ಹಾಗಾಗಿ ಲೆಕ್ಕವನ್ನು ಕೂಟದ ದಿನಾಂಕದಿಂದ ಹಿಂದಕ್ಕೆ ಹಾಕಬೇಕು. 2024ರ ಹಿರಿಯರ ರಾಷ್ಟ್ರೀಯ ಕೂಟ ಸೆಪ್ಟೆಂಬರ್‌ನಲ್ಲಿ ಮಂಗಳೂರಿನಲ್ಲಿ ನಡೆಯಿತು. ಅಂಥ ಕೂಟಕ್ಕೆ ಸಿದ್ಧವಾಗುವವರು ಜುಲೈನಲ್ಲಿ ಕೈ ಕೊಯ್ಯಿಸಿಕೊಂಡರೆ ಗಟ್ಟಿ ಅಭ್ಯಾಸದ ವಾರಗಳೆಲ್ಲ ಹೋದವು. ವರ್ಷದ ದೊಡ್ಡ ಕೂಟ ಮುಗಿದ ಮರುವಾರ, ಎಲ್ಲರೂ ಹೇಗೂ ವಿಶ್ರಾಂತಿಯಲ್ಲಿರುವಾಗ ಮಾಡಿಸಿಕೊಳ್ಳುವುದು ಉತ್ತಮ. ಗ್ಯಾಂಗ್ಲಿಯಾನ್ ಆರು ತಿಂಗಳು ಕಾದರೆ ಕೆಡುವಂಥ ಕಾಯಿಲೆಯಲ್ಲ. ನರದ ತೊಂದರೆಯಿದ್ದರೆ ಮಾತ್ರ ಕಾಯುವಂತಿಲ್ಲ. ಅದರಲ್ಲೂ ಒಂದು ಬಗೆ ಭುಜದಲ್ಲಿ ಬರುತ್ತದೆ. ಕೈಯನ್ನು ತಲೆಯ ಮೇಲೆ ಎತ್ತಿ ಆಡುವ ಆಟಗಾರರಲ್ಲಿ ಭುಜದ ಕೀಲಿನ ಅಂಚು ಹರಿದು, ಅಲ್ಲಿಂದ ಹೊರಟ ಗಂಟು ಒಳಗೇ ನರವನ್ನು ಒತ್ತುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಭುಜದ ಹಿಂದಿನ ಮಾಂಸಖಂಡ ಸೊರಗುತ್ತಾ ಹೋಗುತ್ತದೆ, ಮಗು ಕೈ ಸೋಲುತ್ತದೆ ಎನ್ನುತ್ತದೆ. ಅದನ್ನು ಸೋಮಾರಿತನ ಎಂದುಕೊಳ್ಳದೆ ಪರೀಕ್ಷೆ ಮಾಡಿಸಬೇಕು.

ಶಸ್ತ್ರಚಿಕಿತ್ಸೆಯ ನಂತರ ನೀರಿಗೆ ಮರಳುವಾಗ ಮೊದಲು ಕಿಕ್, ನಂತರ ಮುಷ್ಟಿ ಕಟ್ಟಿದ ಫ್ರೀಸ್ಟೈಲ್, ಆಮೇಲೆ ಅಂಗೈ ಬಿಚ್ಚಿ ನಿಧಾನವಾಗಿ. ಎರಡು ಕೈಯ ಟರ್ನ್‌ಗಳು ಅದಾದ ಮೇಲೆ, ಆರಂಭದಲ್ಲಿ ಗೋಡೆಯನ್ನು ಬೆರಳ ತುದಿಯಿಂದ ಮುಟ್ಟಿದರೆ ಸಾಕು. ಪ್ಯಾಡಲ್ ಎಲ್ಲಕ್ಕಿಂತ ಕೊನೆಗೆ. ಈ ಹಂತದಲ್ಲಿ ಫಿಸಿಯೊಗಳು ಮಣಿಕಟ್ಟಿಗೆ ಟೇಪ್ ಸುತ್ತುತ್ತಾರೆ, ಅಭ್ಯಾಸಕ್ಕೆ ಅದು ಒಳ್ಳೆಯದೇ. ಸ್ಪರ್ಧೆಯಲ್ಲಿ ಮಾತ್ರ ಈಜಿನ ಅಂತರರಾಷ್ಟ್ರೀಯ ನಿಯಮ ಮೈಮೇಲೆ ಯಾವ ಬಗೆಯ ಟೇಪನ್ನೂ ಪೂರ್ವಾನುಮತಿ ಇಲ್ಲದೆ ಒಪ್ಪುವುದಿಲ್ಲ. ಸ್ಟಾರ್ಟಿಂಗ್ ಬ್ಲಾಕ್ ಬಳಿ ರೆಫರಿ ಟೇಪ್ ಬಿಚ್ಚಿಸಿದಾಗ ದಿಗಿಲು ಬೀಳುವ ಬದಲು, ಕೂಟಕ್ಕೆ ಎರಡು ಮೂರು ವಾರ ಮೊದಲೇ ಟೇಪ್ ಇಲ್ಲದೆ ಸ್ಪರ್ಧೆಯ ವೇಗದಲ್ಲಿ ಟರ್ನ್‌ಗಳನ್ನು ಮಾಡಿ ನೋಡಬೇಕು. ಆಗಲೂ ನೋವಿದ್ದರೆ ಆ ಕೂಟಕ್ಕೆ ಬ್ರೆಸ್ಟ್‌ಸ್ಟ್ರೋಕ್ ಬಿಟ್ಟು ಫ್ರೀಸ್ಟೈಲ್‌ಗೆ ಹೆಸರು ಕೊಡಬಹುದು. ಹೆಸರು ಕೊಡುವ ಕೊನೆಯ ದಿನ ಯಾವಾಗ ಎಂದು ಕೋಚ್‌ರನ್ನು ಮೊದಲೇ ಕೇಳಿಟ್ಟುಕೊಳ್ಳಿ.